ಆರೋಗ್ಯ ಆ್ಯಪ್‌ಗಳ ಬ್ರ್ಯಾಂಡ್ ಗುರುತಿನ ವಿನ್ಯಾಸ

ಆರೋಗ್ಯ ಆ್ಯಪ್‌ಗಳ ಬ್ರ್ಯಾಂಡ್ ಗುರುತಿನ ವಿನ್ಯಾಸ ಎಂದರೆ ವೈದ್ಯಕೀಯ ಅಥವಾ ಆರೋಗ್ಯ ಸಂಬಂಧಿ ಸೇವೆಯನ್ನು ಒದಗಿಸುವ ಮೊಬೈಲ್ ಆ್ಯಪ್ ಒಂದಕ್ಕೆ ಹೆಸರು, ಲಾಂಛನ, ಬಣ್ಣ, ಅಕ್ಷರಶೈಲಿ, ಚಿತ್ರಗಳು ಹಾಗೂ ಭಾಷೆಯ ಧಾಟಿಯನ್ನು ಪರಸ್ಪರ ಹೊಂದಿಕೆಯಾಗುವಂತೆ ರೂಪಿಸುವ ಕಾರ್ಯ. ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವುದು, ದೂರವೈದ್ಯ ಸಮಾಲೋಚನೆ, ಔಷಧಿ ಖರೀದಿ, ಲಸಿಕೆಯ ನೋಂದಣಿ, ರಕ್ತದ ಸಕ್ಕರೆ ಅಥವಾ ರಕ್ತದೊತ್ತಡದ ದಾಖಲೆ, ಮಾನಸಿಕ ಆರೋಗ್ಯದ ನೆರವು ಮುಂತಾದ ಸೇವೆಗಳನ್ನು ನೀಡುವ ಆ್ಯಪ್‌ಗಳು ಇದರ ವ್ಯಾಪ್ತಿಗೆ ಬರುತ್ತವೆ.

ಇತರ ವ್ಯಾಪಾರಿ ಉತ್ಪನ್ನಗಳ ಗುರುತಿಗೂ ಆರೋಗ್ಯ ಆ್ಯಪ್‌ನ ಗುರುತಿಗೂ ಮುಖ್ಯವಾದ ವ್ಯತ್ಯಾಸವಿದೆ. ಒಂದು ಸಾಬೂನಿನ ಹೊದಿಕೆಯನ್ನು ಕಂಡು ಮೋಸಹೋದವರಿಗೆ ಆಗುವ ನಷ್ಟ ಅಲ್ಪ. ಆರೋಗ್ಯ ಆ್ಯಪ್ ತೆರೆಯುವವರು ನೋವಿನಲ್ಲಿರಬಹುದು, ವೃದ್ಧರಿರಬಹುದು, ಮಗುವಿಗೆ ಜ್ವರ ಬಂದ ನಡುರಾತ್ರಿಯ ಆತಂಕದಲ್ಲಿರಬಹುದು. ಅಂಥ ಸ್ಥಿತಿಯಲ್ಲಿ ಅವರು ದೀರ್ಘ ವಿವರಣೆಗಳನ್ನು ಓದದೆ ಚಿಹ್ನೆ, ಬಣ್ಣ ಮತ್ತು ಹೆಸರನ್ನು ನಂಬಿ ಮುಂದುವರಿಯುತ್ತಾರೆ. ಆದ್ದರಿಂದ ಈ ಬಗೆಯ ಗುರುತು ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಬೇಕಾಗುತ್ತದೆ: ಈ ಸೇವೆ ಯಾರದು? ಇದು ಏನನ್ನು ಮಾಡುತ್ತದೆ? ಏನನ್ನು ಮಾಡುವುದಿಲ್ಲ? ಸೇವೆಯ ಸಾಮರ್ಥ್ಯಕ್ಕಿಂತ ಹೆಚ್ಚಿನ ಭರವಸೆಯನ್ನು ನೀಡುವ ಗುರುತು ನೋಡಲು ಎಷ್ಟೇ ಸುಂದರವಾಗಿದ್ದರೂ ದೋಷಪೂರಿತವಾದುದೇ ಸರಿ.

ಪರಿಕಲ್ಪನೆ

ಬ್ರ್ಯಾಂಡ್ ಗುರುತು ಮತ್ತು ಲಾಂಛನ ಎಂಬ ಪದಗಳನ್ನು ಸಮಾನಾರ್ಥಕಗಳಂತೆ ಬಳಸುವುದುಂಟು. ವಾಸ್ತವವಾಗಿ ಲಾಂಛನವು ಗುರುತಿನ ಒಂದು ಅಂಗ ಮಾತ್ರ. ಆ್ಯಪ್‌ನ ಹೆಸರು, ಫೋನಿನ ಪರದೆಯ ಮೇಲಿನ ಪುಟ್ಟ ಐಕಾನ್, ಒಳಪುಟಗಳ ಬಣ್ಣ, ಗುಂಡಿಗಳ ಮೇಲಿನ ಮಾತು, ಔಷಧಿಯ ಹೊತ್ತನ್ನು ನೆನಪಿಸುವ ಸೂಚನೆಯ ಒಕ್ಕಣೆ, ಪಾವತಿಯ ರಸೀದಿ, ತಪ್ಪಾದಾಗ ಬರುವ ಸಂದೇಶ ಇವೆಲ್ಲವೂ ಸೇರಿ ಬಳಕೆದಾರರ ಮನಸ್ಸಿನಲ್ಲಿ ಒಂದು ವ್ಯಕ್ತಿತ್ವವನ್ನು ಮೂಡಿಸುತ್ತವೆ. ಈ ಅಂಗಗಳನ್ನು ಹೇಗೆ ಬಳಸಬೇಕು, ಹೇಗೆ ಬಳಸಬಾರದು ಎಂಬುದನ್ನು ವಿವರಿಸುವ ಕೈಪಿಡಿಗೆ ಬ್ರ್ಯಾಂಡ್ ಮಾರ್ಗಸೂಚಿ ಎಂದು ಹೆಸರು.

ಗುರುತು ಮತ್ತು ಖ್ಯಾತಿ ಬೇರೆ ಬೇರೆ. ಗುರುತನ್ನು ವಿನ್ಯಾಸಕಾರರು ರೂಪಿಸಬಲ್ಲರು. ಖ್ಯಾತಿಯು ಸೇವೆಯ ಅನುಭವದಿಂದ ಕಾಲಕ್ರಮದಲ್ಲಿ ಹುಟ್ಟುತ್ತದೆ. ಆರೋಗ್ಯ ಕ್ಷೇತ್ರದ ಇತಿಹಾಸದಲ್ಲಿ ಇದಕ್ಕೆ ಹಲವು ನಿದರ್ಶನಗಳಿವೆ.

ಹಿನ್ನೆಲೆ

ಮೊಬೈಲ್ ಆ್ಯಪ್‌ಗಳು ಬರುವುದಕ್ಕೆ ಬಹಳ ಮೊದಲೇ ಆರೋಗ್ಯ ಸೇವೆಗಳು ದೃಶ್ಯ ಗುರುತುಗಳನ್ನು ಬಳಸುತ್ತಿದ್ದವು. ಭಾರತದಲ್ಲಿ ಇವುಗಳಲ್ಲಿ ಅತ್ಯಂತ ವ್ಯಾಪಕವಾದುದು ಕುಟುಂಬ ಯೋಜನೆಯ ಕೆಂಪು ತ್ರಿಕೋನ. 1960ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ಬಂದ, ತಲೆಕೆಳಗಾದ ಈ ತ್ರಿಕೋನದ ರೂಪಣೆಯ ಶ್ರೇಯವನ್ನು ಕೇಂದ್ರ ಸರ್ಕಾರದ ಕುಟುಂಬ ಯೋಜನಾ ಇಲಾಖೆಯಲ್ಲಿದ್ದ ದೀಪ್ ತ್ಯಾಗಿಯವರಿಗೆ ನೀಡಲಾಗುತ್ತದೆ. ಓದು ಬರಹ ಬಾರದವರೂ ಗುರುತಿಸಬಲ್ಲ, ಯಾವ ಗೋಡೆಯ ಮೇಲಾದರೂ ಸಾಮಾನ್ಯ ಬಣ್ಣಗಾರನು ಬಿಡಿಸಬಲ್ಲ ಆಕೃತಿ ಅದು. ಮುಂದೆ ಬೇರೆ ಕೆಲವು ದೇಶಗಳೂ ಅದನ್ನು ಸ್ವೀಕರಿಸಿದವು. ಆದರೆ 1975–77ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ನಡೆದ ಬಲವಂತದ ಸಂತಾನಹರಣ ಚಿಕಿತ್ಸೆಗಳಿಂದಾಗಿ ಜನರಲ್ಲಿ ಆ ಕಾರ್ಯಕ್ರಮದ ಬಗ್ಗೆ ಭಯ ಬೇರೂರಿತು. 1977ರಲ್ಲಿ ಕಾರ್ಯಕ್ರಮದ ಹೆಸರನ್ನೇ ‘ಕುಟುಂಬ ಕಲ್ಯಾಣ’ ಎಂದು ಬದಲಾಯಿಸಬೇಕಾಯಿತು. ತ್ರಿಕೋನದ ವಿನ್ಯಾಸದಲ್ಲಿ ಯಾವ ದೋಷವೂ ಇರಲಿಲ್ಲ. ಅದರ ಹಿಂದಿನ ನಡವಳಿಕೆ ವಿಶ್ವಾಸವನ್ನು ಕಳೆದಿತ್ತು.

ಮತ್ತೊಂದು ನಿದರ್ಶನ 108 ತುರ್ತು ವಾಹನ ಸೇವೆ. 2005ರಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿ ಆರಂಭವಾದ ಈ ಸೇವೆ 2008ರಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂದಿತು. ಜನಸಾಮಾನ್ಯರು ಅದನ್ನು ಇಂದಿಗೂ ಕರೆಯುವುದು ‘ನೂರೆಂಟು’ ಎಂದೇ. ಜಪಮಾಲೆಯ ಮಣಿಗಳಿಂದ ಅಷ್ಟೋತ್ತರದವರೆಗೆ ಪರಿಚಿತವಾದ ಸಂಖ್ಯೆಯಾದ್ದರಿಂದ ಅದು ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ. ಹೆಸರು, ದೂರವಾಣಿ ಸಂಖ್ಯೆ ಮತ್ತು ಗುರುತು ಮೂರೂ ಒಂದೇ ಆಗಿರುವುದು ಈ ಸೇವೆಯ ವಿಶೇಷ.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 1948ರಲ್ಲಿ ಆರಂಭವಾದರೂ ಅದಕ್ಕೆ ದೀರ್ಘಕಾಲ ಏಕರೂಪದ ಲಾಂಛನವಿರಲಿಲ್ಲ. ಸ್ಥಳೀಯ ಸಂಸ್ಥೆಗಳು ತಮ್ಮ ತಮ್ಮ ಚಿಹ್ನೆಗಳನ್ನು ಬಳಸುತ್ತಿದ್ದವು. ನೀಲಿ ಆಯತದೊಳಗೆ ಬಿಳಿಯ ಓರೆ ಅಕ್ಷರಗಳಿರುವ ಇಂದಿನ ಲಾಂಛನ 1990ರಲ್ಲಿ ರೂಪುಗೊಂಡು 1999ರಿಂದ ಇಂಗ್ಲೆಂಡಿನಾದ್ಯಂತ ಏಕರೂಪವಾಗಿ ಬಳಕೆಗೆ ಬಂದಿತು. ಅದರಲ್ಲಿ ಹೃದಯದ ಚಿತ್ರವಿಲ್ಲ, ಹಾವು ಇಲ್ಲ, ಶಿಲುಬೆಯೂ ಇಲ್ಲ. ಮೂರು ಅಕ್ಷರಗಳು ಮತ್ತು ಒಂದು ನೀಲಿ ಬಣ್ಣ ಮಾತ್ರ ಇವೆ. ಆ ಸಂಸ್ಥೆಯ ಆ್ಯಪ್ ಕೂಡ ಇದೇ ಗುರುತನ್ನು ಬಳಸುವುದರಿಂದ, ಆಸ್ಪತ್ರೆಯ ಫಲಕದ ಮೇಲೆ ಕಂಡುದನ್ನೇ ಬಳಕೆದಾರರು ಫೋನಿನಲ್ಲಿಯೂ ಕಾಣುತ್ತಾರೆ.

ಹೆಸರು

ಆರೋಗ್ಯ ಆ್ಯಪ್‌ನ ಹೆಸರು ಉಚ್ಚಾರಣೆಗೆ ಸುಲಭವಾಗಿರಬೇಕು, ಕೇಳಿದ ಕೂಡಲೇ ಬರೆಯುವಂತಿರಬೇಕು ಮತ್ತು ಬೇರೊಂದು ಔಷಧಿ ಅಥವಾ ಸೇವೆಯ ಹೆಸರಿನೊಡನೆ ಗೊಂದಲವಾಗಬಾರದು. ಹೆಸರಿನ ಸಾಮ್ಯದಿಂದ ಆಗಬಹುದಾದ ಅಪಾಯವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಕ್ಯಾಡಿಲಾ ಹೆಲ್ತ್ ಕೇರ್ ಮತ್ತು ಕ್ಯಾಡಿಲಾ ಫಾರ್ಮಸ್ಯೂಟಿಕಲ್ಸ್ ನಡುವಣ ಪ್ರಕರಣದಲ್ಲಿ ವಿವರವಾಗಿ ಚರ್ಚಿಸಿದೆ. ‘ಫಾಲ್ಸಿಗೊ’ ಮತ್ತು ‘ಫಾಲ್ಸಿಟ್ಯಾಬ್’ ಎಂಬ ಎರಡು ಮಲೇರಿಯಾ ಔಷಧಿಗಳ ಹೆಸರುಗಳು ಅಲ್ಲಿ ವಿವಾದದ ವಿಷಯವಾಗಿದ್ದವು. ಎರಡರ ರಾಸಾಯನಿಕ ಘಟಕಗಳು ಬೇರೆಯಾಗಿದ್ದವು. ಔಷಧಿಗಳ ವಿಷಯದಲ್ಲಿ ಹೆಸರಿನ ಗೊಂದಲವು ಪ್ರಾಣಾಪಾಯಕ್ಕೆ ಕಾರಣವಾಗಬಹುದಾದ್ದರಿಂದ ಸಾಮಾನ್ಯ ಸರಕುಗಳಿಗಿಂತ ಕಟ್ಟುನಿಟ್ಟಾದ ಮಾನದಂಡ ಬೇಕೆಂದೂ, ಹಲವು ಭಾಷೆಗಳಿರುವ ಮತ್ತು ಸಾಕ್ಷರತೆ ಪೂರ್ಣವಾಗಿಲ್ಲದ ದೇಶದಲ್ಲಿ ಈ ಎಚ್ಚರ ಇನ್ನೂ ಅಗತ್ಯವೆಂದೂ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಈ ತೀರ್ಪು ಔಷಧಿಗಳನ್ನು ಕುರಿತದ್ದಾದರೂ ಅದರ ತರ್ಕ ಔಷಧಿ ಮಾರುವ ಮತ್ತು ಚಿಕಿತ್ಸೆ ಸೂಚಿಸುವ ಆ್ಯಪ್‌ಗಳಿಗೂ ಪ್ರಸ್ತುತವಾಗಿದೆ.

ಭಾರತದ ಸಾರ್ವಜನಿಕ ಆರೋಗ್ಯ ಆ್ಯಪ್‌ಗಳ ಹೆಸರುಗಳಲ್ಲಿ ಸಂಸ್ಕೃತ ಮೂಲದ ಪದಗಳು ಹೆಚ್ಚು. ‘ಆರೋಗ್ಯ ಸೇತು’, ‘ಇ-ಸಂಜೀವನಿ’ ಇವು ಹಲವು ಭಾರತೀಯ ಭಾಷೆಗಳಲ್ಲಿ ಒಂದೇ ರೀತಿ ಅರ್ಥವಾಗುತ್ತವೆ. ಆಯುಷ್ಮಾನ್ ಭಾರತ್ ಆರೋಗ್ಯ ಖಾತೆಯ 14 ಅಂಕಿಗಳ ಸಂಖ್ಯೆಗೆ ‘ಆಭಾ’ ಎಂದು ಹೆಸರು. ಅದು ಇಂಗ್ಲಿಷ್ ಪದಗುಚ್ಛದ ಮೊದಲಕ್ಷರಗಳಿಂದ ಆದುದಾದರೂ ‘ಕಾಂತಿ’ ಎಂಬ ಅರ್ಥವನ್ನೂ ಕೊಡುತ್ತದೆ. ಬೆಂಗಳೂರಿನ ‘ನಿರಾಮಯ್’ ಎಂಬ ಸಂಸ್ಥೆಯ ಹೆಸರಿನಲ್ಲೂ ಇದೇ ಜಾಣ್ಮೆಯಿದೆ: ಇಂಗ್ಲಿಷ್ ಮೊದಲಕ್ಷರಗಳ ಕೂಟವೇ ‘ರೋಗರಹಿತ’ ಎಂಬ ಅರ್ಥದ ಸಂಸ್ಕೃತ ಪದವಾಗಿದೆ. ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ನಗರ ಆರೋಗ್ಯ ಕೇಂದ್ರಗಳಿಗೆ ‘ನಮ್ಮ ಕ್ಲಿನಿಕ್’ ಎಂದು ಹೆಸರಿಟ್ಟಿತು. ‘ನಮ್ಮ’ ಎಂಬ ಆಪ್ತ ಕನ್ನಡ ಪದವೂ ‘ಕ್ಲಿನಿಕ್’ ಎಂಬ ಬಳಕೆಯ ಎರವಲು ಪದವೂ ಅಲ್ಲಿ ಜೊತೆಗೂಡಿವೆ.

ಹೆಸರು ರೋಗ ಗುಣಪಡಿಸುವ ಭರವಸೆಯನ್ನು ಧ್ವನಿಸುವಂತಿದ್ದರೆ ತೊಂದರೆಗೆ ಎಡೆಯಾಗುತ್ತದೆ. ಕೇವಲ ರಕ್ತದ ಸಕ್ಕರೆಯ ಅಂಕಿಗಳನ್ನು ಬರೆದಿಡುವ ಆ್ಯಪ್‌ಗೆ ಮಧುಮೇಹವನ್ನು ಹೋಗಲಾಡಿಸುವುದೆಂಬ ಅರ್ಥ ಬರುವ ಹೆಸರಿಟ್ಟರೆ, ಅದನ್ನು ನಂಬಿ ಚಿಕಿತ್ಸೆಯನ್ನು ನಿಲ್ಲಿಸುವವರೂ ಇರಬಹುದು.

ಲಾಂಛನ

ಕೆಂಪು ಶಿಲುಬೆಯ ನಿರ್ಬಂಧ

ಆರೋಗ್ಯ ಆ್ಯಪ್‌ಗೆ ಲಾಂಛನ ರೂಪಿಸುವವರಿಗೆ ಮೊದಲು ಹೊಳೆಯುವ ಆಕೃತಿ ಬಿಳಿಯ ಹಿನ್ನೆಲೆಯ ಮೇಲಿನ ಕೆಂಪು ಶಿಲುಬೆ. ಔಷಧಿ ಅಂಗಡಿ, ಖಾಸಗಿ ಆಸ್ಪತ್ರೆ ಮತ್ತು ವೈದ್ಯರ ವಾಹನಗಳ ಮೇಲೆ ಅದು ಸಾಮಾನ್ಯವಾಗಿ ಕಾಣಿಸುವುದರಿಂದ ಅದು ವೈದ್ಯವೃತ್ತಿಯ ಸಾರ್ವತ್ರಿಕ ಚಿಹ್ನೆಯೆಂಬ ತಿಳಿವಳಿಕೆ ಬೆಳೆದಿದೆ. ಈ ತಿಳಿವಳಿಕೆ ಸರಿಯಲ್ಲ. 1864ರ ಜಿನೀವಾ ಒಪ್ಪಂದವು ಯುದ್ಧಭೂಮಿಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುವವರ ರಕ್ಷಣೆಗಾಗಿ ಈ ಚಿಹ್ನೆಯನ್ನು ಅಂಗೀಕರಿಸಿತು. ಸ್ವಿಟ್ಜರ್ಲೆಂಡಿನ ಧ್ವಜದ ಬಣ್ಣಗಳನ್ನು ಅದಲು ಬದಲು ಮಾಡಿದರೆ ಈ ಚಿಹ್ನೆ ದೊರೆಯುತ್ತದೆ. ಕೆಂಪು ಅರ್ಧಚಂದ್ರಕ್ಕೆ 1929ರಲ್ಲಿಯೂ ಕೆಂಪು ಸ್ಫಟಿಕಕ್ಕೆ 2005ರಲ್ಲಿಯೂ ಮನ್ನಣೆ ದೊರೆಯಿತು. ಈ ಚಿಹ್ನೆಯನ್ನು ಧರಿಸಿದವರ ಮೇಲೆ ಗುಂಡು ಹಾರಿಸಬಾರದು ಎಂಬುದೇ ಅದರ ಅರ್ಥ.

ಭಾರತದಲ್ಲಿ 1960ರ ಜಿನೀವಾ ಒಪ್ಪಂದಗಳ ಅಧಿನಿಯಮದ 12ನೆಯ ಪ್ರಕರಣವು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಈ ಚಿಹ್ನೆಯನ್ನು ಬಳಸುವುದನ್ನು ನಿಷೇಧಿಸಿದೆ. ನಿಷೇಧದ ಕಾರಣ ಸರಳವಾದುದು: ಎಲ್ಲರೂ ಎಲ್ಲೆಡೆ ಬಳಸತೊಡಗಿದರೆ ಚಿಹ್ನೆಯ ತೂಕ ಇಳಿಯುತ್ತದೆ, ಆಗ ಯುದ್ಧಕಾಲದಲ್ಲಿ ಅದು ಯಾರನ್ನೂ ರಕ್ಷಿಸಲಾರದು. ಡಿಜಿಟಲ್ ಮಾಧ್ಯಮವೂ ಇದಕ್ಕೆ ಹೊರತಲ್ಲ. 2017ರಲ್ಲಿ ‘ಪ್ರಿಸನ್ ಆರ್ಕಿಟೆಕ್ಟ್’ ಎಂಬ ಕಂಪ್ಯೂಟರ್ ಆಟದೊಳಗಿನ ಆಂಬುಲೆನ್ಸಿನ ಮೇಲೆ ಕೆಂಪು ಶಿಲುಬೆಯಿದ್ದುದನ್ನು ಬ್ರಿಟಿಷ್ ರೆಡ್ ಕ್ರಾಸ್ ಆಕ್ಷೇಪಿಸಿತು. ತಯಾರಕರು ಅದನ್ನು ಹಸಿರು ಬಣ್ಣಕ್ಕೆ ಬದಲಾಯಿಸಿದರು.

ಶಿಲುಬೆಯ ಆಕೃತಿಯೇ ಬೇಕೆನ್ನುವವರಿಗೆ ಪರ್ಯಾಯಗಳಿವೆ. ಹಸಿರು ಹಿನ್ನೆಲೆಯ ಮೇಲಿನ ಬಿಳಿ ಶಿಲುಬೆ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಪ್ರಥಮ ಚಿಕಿತ್ಸೆಯ ಸಂಕೇತ. ಯುರೋಪಿನ ಹಲವು ದೇಶಗಳಲ್ಲಿ ಹಸಿರು ಶಿಲುಬೆ ಔಷಧಾಲಯದ ಗುರುತು.

ಹಾವು ಸುತ್ತಿದ ದಂಡ

ಗ್ರೀಕ್ ಪುರಾಣದ ವೈದ್ಯದೇವತೆ ಅಸ್ಕ್ಲಿಪಿಯಸ್‌ನ ದಂಡಕ್ಕೆ ಒಂದೇ ಹಾವು ಸುತ್ತಿಕೊಂಡಿರುತ್ತದೆ, ರೆಕ್ಕೆಗಳಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿರುವುದು ಇದೇ. ಎರಡು ಹಾವುಗಳೂ ರೆಕ್ಕೆಗಳೂ ಇರುವ ‘ಕ್ಯಾಡ್ಯೂಸಿಯಸ್’ ದೇವದೂತನೂ ವಾಣಿಜ್ಯದ ದೇವತೆಯೂ ಆದ ಹರ್ಮಿಸನದು. ಅಮೆರಿಕದ ಸೇನಾ ವೈದ್ಯಕೀಯ ದಳ 1902ರಲ್ಲಿ ಇದನ್ನು ಸ್ವೀಕರಿಸಿದ ಬಳಿಕ ಇವೆರಡರ ನಡುವಣ ಗೊಂದಲ ವ್ಯಾಪಕವಾಯಿತು. ವೈದ್ಯಕೀಯ ಆ್ಯಪ್‌ನ ಮೇಲೆ ವಾಣಿಜ್ಯ ದೇವತೆಯ ದಂಡವಿರುವುದು ಅನುದ್ದೇಶಿತ ವ್ಯಂಗ್ಯವಾಗುತ್ತದೆ. ಇದಲ್ಲದೆ, ಗ್ರೀಕ್ ಪುರಾಣದ ಪರಿಚಯವಿಲ್ಲದ ಬಳಕೆದಾರರಿಗೆ ಹಾವಿನ ಚಿತ್ರ ಗುಣವಾಗುವುದಕ್ಕಿಂತ ಹಾವು ಕಡಿತವನ್ನೇ ನೆನಪಿಸಬಹುದು.

ಐಕಾನ್‌ನ ಮಿತಿ

ಆ್ಯಪ್‌ನ ಲಾಂಛನ ಹೆಚ್ಚಿನ ಸಮಯ ಹೆಬ್ಬೆರಳ ಉಗುರಿನಷ್ಟು ಅಳತೆಯಲ್ಲಿ ಕಾಣಿಸುತ್ತದೆ. ಗೂಗಲ್ ಪ್ಲೇ ಮಳಿಗೆಗೆ 512×512 ಪಿಕ್ಸೆಲ್‌ಗಳ, ಆ್ಯಪಲ್ ಮಳಿಗೆಗೆ 1024×1024 ಪಿಕ್ಸೆಲ್‌ಗಳ ಚಿತ್ರವನ್ನು ಸಲ್ಲಿಸಬೇಕಾದರೂ ಫೋನಿನಲ್ಲಿ ಅದು ಬಹಳ ಕುಗ್ಗುತ್ತದೆ. ಆಂಡ್ರಾಯ್ಡ್‌ನ 8ನೆಯ ಆವೃತ್ತಿಯಿಂದೀಚೆಗೆ ಫೋನ್ ತಯಾರಕರು ಐಕಾನ್‌ಗಳನ್ನು ವೃತ್ತ, ಚೌಕ ಮೊದಲಾದ ಆಕಾರಗಳಲ್ಲಿ ಕತ್ತರಿಸುವುದರಿಂದ ಮುಖ್ಯ ಆಕೃತಿ ನಡುಭಾಗದಲ್ಲೇ ಇರಬೇಕು. ಹೃದಯ, ಸ್ಟೆತೊಸ್ಕೋಪ್, ನಾಡಿಯ ಗೆರೆ ಮೂರನ್ನೂ ಒಂದೇ ಐಕಾನ್‌ನಲ್ಲಿ ತುಂಬಿದರೆ ಯಾವುದೂ ಕಾಣುವುದಿಲ್ಲ. ಇವು ನೂರಾರು ಆ್ಯಪ್‌ಗಳಲ್ಲಿ ಬಳಕೆಯಾಗಿರುವುದರಿಂದ ಒಂದನ್ನು ಮತ್ತೊಂದರಿಂದ ಬೇರ್ಪಡಿಸುವುದೂ ಕಷ್ಟ.

ಬಣ್ಣ

ಆರೋಗ್ಯ ಆ್ಯಪ್‌ಗಳಲ್ಲಿ ನೀಲಿ ಮತ್ತು ಹಸಿರು ಬಣ್ಣಗಳು ಹೆಚ್ಚಾಗಿ ಕಾಣುತ್ತವೆ. ನೀಲಿಯು ಶಾಂತಿಯನ್ನೂ ಶುಚಿತ್ವವನ್ನೂ, ಹಸಿರು ಚೇತರಿಕೆಯನ್ನೂ ಸೂಚಿಸುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ನೀಡುವ ಕಾರಣ. ಆದರೆ ಬಣ್ಣಗಳ ಅರ್ಥ ಸಂಸ್ಕೃತಿ ಮತ್ತು ಸಂದರ್ಭಗಳಿಗೆ ಅನುಗುಣವಾಗಿ ಬದಲಾಗುತ್ತದೆ. ಕೆಂಪು ಕುಂಕುಮದ ಮಂಗಳಕರ ಬಣ್ಣವೂ ಹೌದು, ಅಪಾಯದ ಸೂಚನೆಯೂ ಹೌದು. ಭಾರತದಲ್ಲಿ 2016ರಲ್ಲಿ ಆರಂಭವಾದ ‘ಕೆಂಪು ಗೆರೆ’ ಅಭಿಯಾನದ ಬಳಿಕ ಪ್ರತಿಜೀವಕ ಔಷಧಿಗಳ ಪಟ್ಟಿಯ ಮೇಲಿನ ಕೆಂಪು ಗೆರೆಯನ್ನು ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದೆಂಬ ಎಚ್ಚರಿಕೆಯಾಗಿ ಜನರಿಗೆ ಪರಿಚಯಿಸಲಾಯಿತು. ಔಷಧಿ ಮಾರುವ ಆ್ಯಪ್ ಕೆಂಪನ್ನು ಬರಿಯ ಅಲಂಕಾರಕ್ಕೆ ಬಳಸಿದರೆ ಇಂಥ ಎಚ್ಚರಿಕೆ ಮಸುಕಾಗುತ್ತದೆ. ಆದ್ದರಿಂದ ಬ್ರ್ಯಾಂಡ್‌ನ ಬಣ್ಣವನ್ನೂ ಎಚ್ಚರಿಕೆಯ ಬಣ್ಣವನ್ನೂ ಪ್ರತ್ಯೇಕವಾಗಿಡುವುದು ಉತ್ತಮ ಪದ್ಧತಿ.

ಬಣ್ಣಗಳ ಆಯ್ಕೆಯಲ್ಲಿ ಅಭಿರುಚಿಗಿಂತ ಮುಖ್ಯವಾದುದು ಓದಲು ಸಾಧ್ಯವಾಗುವುದು. ಜಾಲ ವಿಷಯಗಳ ಪ್ರವೇಶಸಾಧ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎರಡನೆಯ ಹಂತದಂತೆ ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ ಕನಿಷ್ಠ 3:1 ಪ್ರಮಾಣದ ಬೆಳಕಿನ ಅಂತರವಿರಬೇಕು. ಬಿಳಿಯ ಮೇಲೆ ತಿಳಿ ಬೂದು ಅಕ್ಷರಗಳು ನಾಜೂಕಾಗಿ ಕಾಣಬಹುದು. ಕಣ್ಣಿನ ಪೊರೆಯಿರುವ ಹಿರಿಯರಿಗೆ ಅವು ಕಾಣುವುದೇ ಇಲ್ಲ. ಯುರೋಪ್ ಮೂಲದ ಪುರುಷರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ ಕೆಂಪು-ಹಸಿರು ವರ್ಣಾಂಧತೆ ಇರುತ್ತದೆ; ಇತರ ಜನಸಮುದಾಯಗಳಲ್ಲಿಯೂ ಅದು ಬೇರೆ ಬೇರೆ ಪ್ರಮಾಣಗಳಲ್ಲಿ ಕಂಡುಬರುತ್ತದೆ. ಆದ್ದರಿಂದ ಪರೀಕ್ಷಾ ಫಲಿತಾಂಶ ಸಾಮಾನ್ಯವೋ ಅಪಾಯಕಾರಿಯೋ ಎಂಬುದನ್ನು ಬಣ್ಣದಿಂದ ಮಾತ್ರ ಸೂಚಿಸದೆ ಪದ ಅಥವಾ ಆಕಾರದಿಂದಲೂ ತಿಳಿಸಬೇಕು.

ಅಕ್ಷರ ವಿನ್ಯಾಸ ಮತ್ತು ಕನ್ನಡ ಲಿಪಿ

ಹೆಚ್ಚಿನ ಆ್ಯಪ್‌ಗಳನ್ನು ಮೊದಲು ಇಂಗ್ಲಿಷಿನಲ್ಲಿ ರೂಪಿಸಿ ಅನಂತರ ಭಾರತೀಯ ಭಾಷೆಗಳಿಗೆ ಅಳವಡಿಸುವುದು ರೂಢಿ. ಇದರಿಂದ ಕನ್ನಡದಂತಹ ಲಿಪಿಗಳಿಗೆ ಕೆಲವು ವಿಶಿಷ್ಟ ತೊಡಕುಗಳು ಉಂಟಾಗುತ್ತವೆ.

ಮೊದಲನೆಯದು ಸಾಲುಗಳ ಅಂತರ. ಕನ್ನಡದಲ್ಲಿ ಗುಣಿತ ಚಿಹ್ನೆಗಳು ಅಕ್ಷರದ ಮೇಲ್ಭಾಗದಲ್ಲೂ ಒತ್ತಕ್ಷರಗಳು ಕೆಳಭಾಗದಲ್ಲೂ ಬರುತ್ತವೆ. ‘ಶಸ್ತ್ರಚಿಕಿತ್ಸೆ’, ‘ಸ್ವಾಸ್ಥ್ಯ’ ಮುಂತಾದ ಪದಗಳಿಗೆ ಇಂಗ್ಲಿಷಿಗೆ ನಿಗದಿಯಾದ ಸಾಲಂತರ ಸಾಲದು. ಒತ್ತಕ್ಷರದ ತುದಿ ಕತ್ತರಿಸಿಹೋಗುತ್ತದೆ ಅಥವಾ ಕೆಳಗಿನ ಸಾಲಿಗೆ ತಾಗುತ್ತದೆ.

ಎರಡನೆಯದು ಅಕ್ಷರಗಳ ಸಾಮ್ಯ. ‘ಪ’ ಮತ್ತು ‘ವ’, ‘ಬ’ ಮತ್ತು ‘ಭ’, ‘ಥ’ ಮತ್ತು ‘ಧ’ ಇವುಗಳ ನಡುವಣ ವ್ಯತ್ಯಾಸ ಒಂದು ಸಣ್ಣ ಗೆರೆ, ಸೀಳು ಅಥವಾ ಚುಕ್ಕೆ. ತೀರ ದಪ್ಪನಾದ ಅಥವಾ ತೀರ ಅಲಂಕಾರಿಕವಾದ ಅಕ್ಷರಶೈಲಿಯಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಔಷಧಿಯ ಹೆಸರನ್ನು ಕನ್ನಡ ಲಿಪಿಯಲ್ಲಿ ತೋರಿಸುವಾಗ ಇದು ಗಂಭೀರ ವಿಷಯ. ಅಂಕಿಗಳ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತದೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ಒಂದೇ ರೀತಿ ಕಾಣುವುದರಿಂದಲೂ, ಔಷಧಿಯ ಪಟ್ಟಿಯ ಮೇಲೆ 1, 2, 3 ಎಂಬ ರೂಪದ ಅಂಕಿಗಳೇ ಮುದ್ರಿತವಾಗಿರುವುದರಿಂದಲೂ ಪ್ರಮಾಣವನ್ನು ಅದೇ ಅಂಕಿಗಳಲ್ಲಿ ತೋರಿಸುವುದು ಸುರಕ್ಷಿತ.

ಮೂರನೆಯದು ಅಕ್ಷರಶೈಲಿಗಳ ಹೊಂದಾಣಿಕೆ. ಇಂಗ್ಲಿಷ್ ಲಾಂಛನಕ್ಕೆ ಶ್ರಮವಹಿಸಿ ಅಕ್ಷರ ಕೊರೆದು, ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸಿಕ್ಕಿದ ಯಾವುದೋ ಫಾಂಟ್ ಬಳಸಿದರೆ, ಕನ್ನಡ ಓದುಗರಿಗೆ ತಾವು ಎರಡನೆಯ ಸಾಲಿನವರೆಂಬ ಭಾವನೆ ಬರುತ್ತದೆ. ಹಲವು ಲಿಪಿಗಳಿಗೆ ಒಟ್ಟಿಗೆ ರೂಪಿಸಿದ ‘ನೋಟೊ’, ‘ಅನೇಕ್’, ‘ಬಲೂ’ ಮುಂತಾದ ಮುಕ್ತ ಫಾಂಟ್ ಕುಟುಂಬಗಳಲ್ಲಿ ಕನ್ನಡವೂ ಇರುವುದರಿಂದ ಈ ಕೊರತೆಯನ್ನು ಈಗ ನೀಗಿಕೊಳ್ಳಬಹುದು. ಪಠ್ಯವು ಯುನಿಕೋಡ್‌ನಲ್ಲಿಯೇ ಇರಬೇಕು. ಹಳೆಯ ಸಂಕೇತೀಕರಣದ ಫಾಂಟ್‌ಗಳಲ್ಲಿ ಅಥವಾ ಚಿತ್ರರೂಪದಲ್ಲಿ ಬರೆದ ಕನ್ನಡವನ್ನು ದೃಷ್ಟಿ ವಿಶೇಷಚೇತನರು ಬಳಸುವ ಪರದೆವಾಚಕ ತಂತ್ರಾಂಶ ಸರಿಯಾಗಿ ಓದಲಾರದು.

ಭಾಷೆಯ ಧಾಟಿ

ಆ್ಯಪ್ ಬಳಸುವ ಮಾತುಗಳೂ ಅದರ ಗುರುತಿನ ಭಾಗವೇ ಆಗಿವೆ. ಕನ್ನಡದಲ್ಲಿ ಬಹುವಚನದ ‘ನೀವು’ ಮತ್ತು ‘ಮಾಡಿ’, ‘ತೆಗೆದುಕೊಳ್ಳಿ’ ಎಂಬ ರೂಪಗಳು ಗೌರವಸೂಚಕ. ಪದಗಳ ಆಯ್ಕೆಯಲ್ಲಿ ಶುದ್ಧತೆ ಮತ್ತು ಬಳಕೆಗಳ ನಡುವೆ ಸಮತೋಲನ ಬೇಕಾಗುತ್ತದೆ. ‘ರಕ್ತದೊತ್ತಡ’ ಎಂಬುದು ಶಾಲಾ ಪುಸ್ತಕದ ಪದ, ‘ಬಿ.ಪಿ.’ ಎಂಬುದು ಮನೆಮಾತು. ‘ಮಧುಮೇಹ’ಕ್ಕೆ ಹಳ್ಳಿಗಳಲ್ಲಿ ‘ಸಕ್ಕರೆ ಕಾಯಿಲೆ’ ಅಥವಾ ‘ಶುಗರ್’ ಎನ್ನುತ್ತಾರೆ. ಮೊದಲ ಬಾರಿ ಎರಡೂ ರೂಪಗಳನ್ನು ಕೊಟ್ಟು, ಅನಂತರ ಒಂದನ್ನೇ ನಿಯತವಾಗಿ ಬಳಸುವುದು ಒಳ್ಳೆಯ ಕ್ರಮ.

ಸಂದರ್ಭಕ್ಕೆ ತಕ್ಕ ಧಾಟಿಯೂ ಅಗತ್ಯ. ನಡಿಗೆಯ ಗುರಿ ಮುಟ್ಟಿದಾಗ ಉಲ್ಲಾಸದ ಅಭಿನಂದನೆ ಸಲ್ಲುತ್ತದೆ. ಅದೇ ಧಾಟಿ ಗಂಭೀರ ಕಾಯಿಲೆಯ ಪರೀಕ್ಷಾ ವರದಿ ಬಂದಿದೆಯೆಂದು ತಿಳಿಸುವಾಗ ಕ್ರೂರವೆನಿಸುತ್ತದೆ. ವೈದ್ಯಕೀಯದಲ್ಲಿ ‘ಪಾಸಿಟಿವ್’ ಎಂದರೆ ರೋಗಾಣು ಅಥವಾ ರೋಗಲಕ್ಷಣ ಕಂಡುಬಂದಿದೆ ಎಂದರ್ಥ. ಸಾಮಾನ್ಯ ಓದುಗರು ಅದನ್ನು ಒಳ್ಳೆಯ ಸುದ್ದಿಯೆಂದು ತಿಳಿಯುವ ಸಂಭವವಿದೆ. ಆದ್ದರಿಂದ ‘ಸೋಂಕು ಇದೆ’, ‘ಸೋಂಕು ಕಂಡುಬಂದಿಲ್ಲ’ ಎಂಬಂಥ ನೇರ ವಾಕ್ಯಗಳು ಉತ್ತಮ. ಇದರ ಜೊತೆಗೆ, ಗರ್ಭಧಾರಣೆ, ಮಾನಸಿಕ ಆರೋಗ್ಯ ಅಥವಾ ಲೈಂಗಿಕ ರೋಗಗಳಿಗೆ ಸಂಬಂಧಿಸಿದ ಆ್ಯಪ್‌ಗಳ ಸೂಚನೆಗಳು ಬೀಗ ಹಾಕಿದ ಪರದೆಯ ಮೇಲೆ ಎಲ್ಲರಿಗೂ ಕಾಣುವಂತಿರಬಾರದು. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಕುಟುಂಬಗಳಲ್ಲಿ ಐಕಾನ್ ಮತ್ತು ಹೆಸರು ಕೂಡ ಸಂಯಮದಿಂದ ಕೂಡಿರುವುದು ಬಳಕೆದಾರರ ಗೌಪ್ಯತೆಯನ್ನು ಕಾಪಾಡುತ್ತದೆ.

ವಿನ್ಯಾಸದ ಹಂತಗಳು

ಸಾಮಾನ್ಯವಾಗಿ ಈ ಕಾರ್ಯ ಕೆಳಕಂಡ ಕ್ರಮದಲ್ಲಿ ನಡೆಯುತ್ತದೆ.

1. ಅಧ್ಯಯನ: ರೋಗಿಗಳು, ಅವರ ಆರೈಕೆ ಮಾಡುವವರು, ವೈದ್ಯರು, ದಾದಿಯರು ಮತ್ತು ಆಶಾ ಕಾರ್ಯಕರ್ತೆಯರೊಡನೆ ಮಾತುಕತೆ ನಡೆಸಿ, ಅವರ ಅಗತ್ಯ ಮತ್ತು ಭಯಗಳನ್ನು ಅರಿಯುವುದು.
2. ಭರವಸೆಯ ನಿರೂಪಣೆ: ಸೇವೆಯು ಏನನ್ನು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಬರೆಯುವುದು. ಮುಂದಿನ ಹಂತಗಳಿಗೆಲ್ಲ ಇದೇ ಅಳತೆಗೋಲು.
3. ಹೆಸರಿನ ಆಯ್ಕೆ ಮತ್ತು ಕಾನೂನು ಶೋಧ: ವ್ಯಾಪಾರ ಚಿಹ್ನೆಗಳ ನೋಂದಣಿ ಪುಸ್ತಕದಲ್ಲಿ ಸಾಮ್ಯವಿರುವ ಹೆಸರುಗಳನ್ನು ಹುಡುಕುವುದು. ತಂತ್ರಾಂಶಕ್ಕೆ 9ನೆಯ, ವೈದ್ಯಕೀಯ ಸೇವೆಗೆ 44ನೆಯ, ಔಷಧಿಗೆ 5ನೆಯ ವರ್ಗ ಮುಖ್ಯವಾದವು.
4. ದೃಶ್ಯರೂಪ: ಲಾಂಛನ, ಬಣ್ಣ ಮತ್ತು ಅಕ್ಷರಶೈಲಿಗಳನ್ನು ಉದ್ದೇಶಿತ ಎಲ್ಲ ಲಿಪಿಗಳಲ್ಲಿ ಒಟ್ಟಿಗೆ ರೂಪಿಸುವುದು.
5. ಪರೀಕ್ಷೆ: ಅಗ್ಗದ ಫೋನಿನ ಪರದೆ, ಬಿಸಿಲು, ಮಂದ ದೃಷ್ಟಿ, ಪರದೆವಾಚಕ ಮುಂತಾದ ನೈಜ ಸನ್ನಿವೇಶಗಳಲ್ಲಿ ಒರೆಗೆ ಹಚ್ಚುವುದು.
6. ಮಾರ್ಗಸೂಚಿ ಮತ್ತು ಪರಿಷ್ಕರಣೆ: ಬಳಕೆಯ ನಿಯಮಗಳನ್ನು ದಾಖಲಿಸಿ, ಬಳಕೆದಾರರ ದೂರುಗಳ ಆಧಾರದ ಮೇಲೆ ತಿದ್ದುತ್ತ ಹೋಗುವುದು.

ನಿದರ್ಶನ: ಆರೋಗ್ಯ ಸೇತು ಮತ್ತು ಕೋವಿನ್

ಕೋವಿಡ್-19ರ ಸಂದರ್ಭದಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು 2020ರ ಏಪ್ರಿಲ್ 2ರಂದು ‘ಆರೋಗ್ಯ ಸೇತು’ ಆ್ಯಪ್ ಬಿಡುಗಡೆ ಮಾಡಿತು. ಅರ್ಥವಾಗುವ ಹೆಸರು, ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಬೆಂಬಲ ಮತ್ತು ಅಪಾಯದ ಮಟ್ಟವನ್ನು ತಿಳಿಸುವ ಬಣ್ಣಗಳು ಅದರ ಅನುಕೂಲಗಳಾಗಿದ್ದವು. ಆದರೆ 2020ರ ಮೇ ತಿಂಗಳಲ್ಲಿ ಅದನ್ನು ಉದ್ಯೋಗಿಗಳಿಗೆ ಕಡ್ಡಾಯಗೊಳಿಸಿದ್ದು ಗೌಪ್ಯತೆಯ ಕುರಿತು ತೀವ್ರ ಚರ್ಚೆಗೆ ಎಡೆಮಾಡಿತು. ಅದೇ ತಿಂಗಳು ನಿಯಮವನ್ನು ಸಡಿಲಿಸಲಾಯಿತು ಮತ್ತು ಆಂಡ್ರಾಯ್ಡ್ ಆವೃತ್ತಿಯ ಮೂಲಸಂಕೇತವನ್ನು ಪ್ರಕಟಿಸಲಾಯಿತು. 2020ರ ಅಕ್ಟೋಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಆ್ಯಪ್ ಅಳವಡಿಸಿಕೊಂಡಿಲ್ಲ ಎಂಬ ಒಂದೇ ಕಾರಣಕ್ಕೆ ನಾಗರಿಕರಿಗೆ ಸರ್ಕಾರಿ ಸೌಲಭ್ಯ ನಿರಾಕರಿಸುವಂತಿಲ್ಲ ಎಂದು ಹೇಳಿತು. 2021ರ ಜನವರಿಯಲ್ಲಿ ಬಳಕೆದಾರರ ತಿಳಿವಳಿಕೆಪೂರ್ವಕ ಸಮ್ಮತಿಯಿಲ್ಲದೆ ಅವರ ಮಾಹಿತಿಯನ್ನು ಹಂಚಿಕೊಳ್ಳಬಾರದೆಂದು ಮಧ್ಯಂತರ ಆದೇಶ ನೀಡಿತು.

ಗುರುತಿನ ದೃಷ್ಟಿಯಿಂದ ಗಮನಾರ್ಹವಾದುದು ಮತ್ತೊಂದು ಘಟನೆ. ಆ್ಯಪ್ ರೂಪಿಸಿದವರು ಯಾರು ಎಂಬ ಮಾಹಿತಿ ಹಕ್ಕಿನ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯದಿದ್ದಾಗ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಮಾಹಿತಿ ಆಯೋಗವು ಸಂಬಂಧಪಟ್ಟ ಅಧಿಕಾರಿಗಳಿಗೆ ನೋಟಿಸ್ ನೀಡಿತು. ಬಳಿಕ ಸರ್ಕಾರವು ಉದ್ಯಮ ಮತ್ತು ಶೈಕ್ಷಣಿಕ ವಲಯದ ಸ್ವಯಂಸೇವಕರ ಸಹಕಾರದಿಂದ ಮಾಹಿತಿ ವಿಜ್ಞಾನ ಕೇಂದ್ರ ಅದನ್ನು ಸಿದ್ಧಪಡಿಸಿತೆಂದು ಸ್ಪಷ್ಟನೆ ನೀಡಿತು. ‘ಈ ಸೇವೆ ಯಾರದು?’ ಎಂಬ ಪ್ರಶ್ನೆಗೆ ಮೊದಲ ದಿನದಿಂದಲೇ ಉತ್ತರವಿರಬೇಕೆಂಬುದಕ್ಕೆ ಇದು ಸಾಕ್ಷಿ.

2021ರ ಜನವರಿ 16ರಂದು ಆರಂಭವಾದ ಲಸಿಕಾ ಅಭಿಯಾನಕ್ಕೆ ‘ಕೋವಿನ್’ ವೇದಿಕೆಯನ್ನು ಬಳಸಲಾಯಿತು. ಅದರ ಬಿಡುಗಡೆಗೂ ಮುನ್ನವೇ ಅದೇ ಹೆಸರಿನ ನಕಲಿ ಆ್ಯಪ್‌ಗಳು ಕಾಣಿಸಿಕೊಂಡವು. ಅವುಗಳನ್ನು ಅಳವಡಿಸಿಕೊಳ್ಳಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ ಎಚ್ಚರಿಸಬೇಕಾಯಿತು. ಡಿಜಿಟಲ್ ಅಂತರ ಮತ್ತು ಪ್ರಾದೇಶಿಕ ಭಾಷೆಗಳ ಕೊರತೆಯ ಬಗ್ಗೆ ಸರ್ವೋಚ್ಚ ನ್ಯಾಯಾಲಯ ಪ್ರಶ್ನಿಸಿದ ಬಳಿಕ, 2021ರ ಜೂನ್‌ನಲ್ಲಿ ಕೋವಿನ್ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಲಭ್ಯವಾಯಿತು.

ಭಾರತದ ಕಾನೂನು ಚೌಕಟ್ಟು

ಆರೋಗ್ಯ ಆ್ಯಪ್‌ನ ಗುರುತಿಗೆ ಸಂಬಂಧಿಸಿದ ಪ್ರಮುಖ ಕಾನೂನುಗಳು ಹೀಗಿವೆ.

• 1950ರ ಲಾಂಛನ ಮತ್ತು ಹೆಸರುಗಳ ಅಧಿನಿಯಮ: ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವುಗಳ ಹೆಸರು ಮತ್ತು ಲಾಂಛನಗಳನ್ನು ವ್ಯಾಪಾರಕ್ಕಾಗಿ ಅನುಮತಿಯಿಲ್ಲದೆ ಬಳಸುವುದನ್ನು ನಿಷೇಧಿಸುತ್ತದೆ.
• 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮ: ಮಧುಮೇಹ, ಕ್ಯಾನ್ಸರ್ ಮೊದಲಾದ ನಿರ್ದಿಷ್ಟ ರೋಗಗಳನ್ನು ಗುಣಪಡಿಸುವುದಾಗಿ ಔಷಧಿಗಳನ್ನು ಜಾಹೀರಾತು ಮಾಡುವುದನ್ನು ತಡೆಯುತ್ತದೆ.
• 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮ: ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ ಔಷಧಿಗಳ ಸಾಮಾನ್ಯ ಹೆಸರುಗಳನ್ನು ರಸಾಯನಿಕ ಅಥವಾ ಔಷಧಿ ಸರಕುಗಳ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು ಅವಕಾಶವಿಲ್ಲ.
• 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ: ಮಾಹಿತಿ ಮತ್ತು ಸಂವಹನ ಸೇವೆಗಳು ಎಲ್ಲರಿಗೂ ಬಳಸಲು ಯೋಗ್ಯವಾಗಿರಬೇಕೆಂದು ಹೇಳುತ್ತದೆ.
• 2020ರ ದೂರವೈದ್ಯ ಮಾರ್ಗಸೂಚಿ: ವೇದಿಕೆಯು ತನ್ನಲ್ಲಿರುವ ಪ್ರತಿ ವೈದ್ಯರ ಹೆಸರು, ವಿದ್ಯಾರ್ಹತೆ ಮತ್ತು ನೋಂದಣಿ ಸಂಖ್ಯೆಯನ್ನು ತಿಳಿಸಬೇಕು. ಕೃತಕ ಬುದ್ಧಿಮತ್ತೆಯ ತಂತ್ರಾಂಶ ತಾನೇ ರೋಗಿಗೆ ಸಲಹೆ ನೀಡುವಂತಿಲ್ಲ ಅಥವಾ ಔಷಧಿ ಬರೆಯುವಂತಿಲ್ಲ. ಹೀಗಿರುವಾಗ ಯಾಂತ್ರಿಕ ಸಂವಾದಕ್ಕೆ ವೈದ್ಯರ ಬಿಳಿ ಕೋಟಿನ ಚಿತ್ರವನ್ನು ತೊಡಿಸುವುದು ಬಳಕೆದಾರರನ್ನು ದಾರಿ ತಪ್ಪಿಸಬಹುದು.
• 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ: ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು. ಕನ್ನಡವೂ ಅವುಗಳಲ್ಲೊಂದು.

ಟೀಕೆ ಮತ್ತು ಸಮಸ್ಯೆಗಳು

ಆಕರ್ಷಕ ಗುರುತು ಸೇವೆಯ ಕೊರತೆಗಳನ್ನು ಮರೆಮಾಡುತ್ತದೆ ಎಂಬುದು ಈ ಕ್ಷೇತ್ರದ ಕುರಿತ ಮುಖ್ಯ ಟೀಕೆ. ಅಮೆರಿಕದ ಒಕ್ಕೂಟ ವ್ಯಾಪಾರ ಆಯೋಗವು 2023ರ ಫೆಬ್ರವರಿಯಲ್ಲಿ ‘ಗುಡ್‌ಆರ್‌ಎಕ್ಸ್’ ಎಂಬ ಔಷಧಿ ರಿಯಾಯಿತಿ ಸಂಸ್ಥೆಯ ವಿರುದ್ಧ ಕ್ರಮ ಕೈಗೊಂಡಿತು. ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತು ಕಂಪನಿಗಳೊಡನೆ ಹಂಚಿಕೊಂಡಿತೆಂಬುದರ ಜೊತೆಗೆ, ಆರೋಗ್ಯ ಮಾಹಿತಿಯ ಗೌಪ್ಯತಾ ಕಾನೂನನ್ನು ಪಾಲಿಸುತ್ತಿರುವಂತೆ ತೋರುವ ಮುದ್ರೆಯೊಂದನ್ನು ತನ್ನ ಪುಟದಲ್ಲಿ ಪ್ರದರ್ಶಿಸಿತ್ತು ಎಂಬುದೂ ಆಯೋಗದ ಆರೋಪವಾಗಿತ್ತು. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದೆ 15 ಲಕ್ಷ ಡಾಲರ್ ದಂಡ ತೆರಲು ಸಮ್ಮತಿಸಿತು. ಒಂದು ಪುಟ್ಟ ಮುದ್ರೆಯೂ ಒಂದು ಪ್ರತಿಜ್ಞೆಯೇ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

ಭಾರತದಲ್ಲಿ 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಬಳಕೆದಾರರನ್ನು ಮರುಳುಗೊಳಿಸುವ 13 ಬಗೆಯ ವಿನ್ಯಾಸ ತಂತ್ರಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಸುಳ್ಳು ತುರ್ತು ಸೃಷ್ಟಿಸುವುದು, ನಾಚಿಕೆಯಾಗುವಂತೆ ಮಾಡಿ ಒಪ್ಪಿಸುವುದು, ಕೇಳದೆ ಬುಟ್ಟಿಗೆ ಸೇರಿಸುವುದು ಇವುಗಳಲ್ಲಿ ಕೆಲವು. ರೋಗಭಯವೇ ಮನೆಮಾಡಿರುವ ಆರೋಗ್ಯ ಸೇವೆಗಳಲ್ಲಿ ಇಂಥ ತಂತ್ರಗಳ ಪರಿಣಾಮ ಇನ್ನೂ ಹೆಚ್ಚು.

ನಕಲಿ ಆ್ಯಪ್‌ಗಳಿಂದ ಪಾರಾಗಲು ಬಳಕೆದಾರರು ಲಾಂಛನವನ್ನಷ್ಟೇ ನಂಬಬಾರದು, ಏಕೆಂದರೆ ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಆ್ಯಪ್ ಮಳಿಗೆಯಲ್ಲಿ ಅಭಿವೃದ್ಧಿಪಡಿಸಿದವರ ಹೆಸರು, ಸಂಸ್ಥೆಯ ಅಧಿಕೃತ ಜಾಲತಾಣದಿಂದ ಬಂದ ಕೊಂಡಿ ಮತ್ತು ವೈದ್ಯರ ನೋಂದಣಿ ಸಂಖ್ಯೆ ಈ ಮೂರನ್ನು ಪರಿಶೀಲಿಸುವುದು ಉಚಿತ. ಈ ಮಾಹಿತಿಯನ್ನು ಮರೆಮಾಡದೆ ಮುಖಪುಟದಲ್ಲಿಯೇ ಕಾಣುವಂತೆ ಇಡುವುದು ಉತ್ತಮ ಗುರುತಿನ ಲಕ್ಷಣವೆಂದು ಪರಿಗಣಿಸಬಹುದು.

ಇವನ್ನೂ ನೋಡಿ

• ಆರೋಗ್ಯ ಸೇತು
• ರೆಡ್ ಕ್ರಾಸ್
• ದೂರವೈದ್ಯ
• ವ್ಯಾಪಾರ ಚಿಹ್ನೆ
• ಕನ್ನಡ ಲಿಪಿ
• ವರ್ಣಾಂಧತೆ